ಬರೋ ಸಂತೆ ಅಂದರೆ ಯಾವತ್ತು

ತಾರೀಕು ಬರೆಯಬೇಕಾದ ಜಾಗದಲ್ಲಿ ‘ಬರೋ ಸಂತೆ’ ಎಂದಷ್ಟೇ ಬರೆದಿತ್ತು. ಅಂಥ ಚೀಟಿಗಳ ಒಂದು ಕಟ್ಟನ್ನು ಸಂಯೋಜಕರು ನನ್ನ ಮೇಜಿನ ಮೇಲಿಟ್ಟು, ಇದನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಒಂದು ವಾರದ ಕೆಲಸ ಎಂದೆ. ನಾನು ಹುಣಸೂರಿನ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಇವತ್ತಿದ್ದರೆ ನಾಳೆ ಇಲ್ಲದ ಕೆಲಸ. ಯಾರಾದರೂ ಬಂದು ನಿಮ್ಮಿಂದ ಮಾತ್ರ ಆಗುವ ಕೆಲಸ ಇದು ಎಂದರೆ ಸಾಕು, ಉಬ್ಬಿಹೋಗುತ್ತಿದ್ದೆ.

ಸಂಯೋಜಕರದ್ದು ಹಳ್ಳಿ ಹೆಂಗಸರಿಗೆ ಎದೆಯ ಗಂಟಿನ ತಪಾಸಣೆ ಮಾಡಿಸುವ ಸಣ್ಣ ಸಂಸ್ಥೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ನಾಲ್ಕು ತಾಲ್ಲೂಕಿಗೂ ಇದ್ದದ್ದು ಒಂದೇ ವ್ಯಾನು, ಒಬ್ಬರೇ ವೈದ್ಯೆ. ಕಾರ್ಯಕರ್ತೆಯರು ಊರೂರಿಗೆ ಹೋಗಿ ಹೆಂಗಸರನ್ನು ಪರೀಕ್ಷಿಸುತ್ತಿದ್ದರು. ಗಂಟು ಕೈಗೆ ಸಿಕ್ಕಿದರೆ, ವೈದ್ಯೆಗೆ ತೋರಿಸಲು ಯಾವತ್ತು ಎಲ್ಲಿಗೆ ಬರಬೇಕು ಎಂದು ಒಂದು ಚೀಟಿ ಬರೆದು ಕೊಟ್ಟು, ಅದರ ನಕಲನ್ನು ಕಚೇರಿಗೆ ಕಳಿಸುತ್ತಿದ್ದರು. ನಕಲುಗಳಿಂದ ದಿನದ ಪಟ್ಟಿ ತಯಾರಾಗಬೇಕು. ಯಾವ ಊರಿನ ಪಟ್ಟಿಯಲ್ಲಿ ಆವತ್ತು ಹೆಸರಿದೆಯೋ ಆ ಊರಿಗೆ ಮಾತ್ರ ವ್ಯಾನು. ಹೆಸರಿದ್ದೂ ಬಾರದವರ ಮುಂದೆ ‘ಬರಲಿಲ್ಲ’ ಎಂದು ಗುರುತು ಹಾಕಿ, ಮುಂದಿನ ಸರದಿಗೆ ಸೇರಿಸುತ್ತಿದ್ದರು. ಮೂರು ಸಲ ‘ಬರಲಿಲ್ಲ’ ಆದರೆ ‘ನಿರಾಕರಿಸಿದ್ದಾರೆ’ ಎಂದು ಬರೆದು ಹೆಸರು ತೆಗೆಯುವುದು ವಾಡಿಕೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಕಾರ್ಯಕರ್ತೆಯರು ಮೊಬೈಲು ನೋಡಿ ತಾರೀಕು ಹಾಕುತ್ತಿದ್ದರು. ಹೆಗ್ಗಡದೇವನಕೋಟೆ, ಅಂದರೆ ನಮ್ಮ ಬಾಯಲ್ಲಿ ಬರೀ ಕೋಟೆ, ಅದರ ಕಾಡಂಚಿನ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಕಾರ್ಯಕರ್ತೆ ಮಾತ್ರ ಸಂತೆಯ ಲೆಕ್ಕ ಬಿಡುತ್ತಿರಲಿಲ್ಲ. ಬರೋ ಸಂತೆ, ಬರಾ ಸಂತೆ, ಆಚೆ ಸಂತೆ, ‘ಈ ಸಂತೆ ಬುಟ್ಟು ಆ ಸಂತೆ’. ತಾರೀಕು ಬರೆಯಲು ಏನು ಕಷ್ಟ ಎಂದು ಫೋನಿನಲ್ಲಿ ಕೇಳಿದೆ. ಆಕೆ ಸಮಾಧಾನವಾಗಿಯೇ ಹೇಳಿದಳು: ‘ಮೇಡಮ್ಮೋರೆ, ನಾನು ಹದಿನಾರ್ನೇ ತಾರೀಕು ಅಂದ್ರೆ ಅವ್ರು ಹೂಂ ಅಂತಾರೆ, ಬರಕಿಲ್ಲ. ಸಂತೆ ಅಂದ್ರೆ ಬತ್ತಾರೆ. ಆ ಊರ್ಗುಳ್ಗೆ ಬಸ್ ಬರೋದೇ ಸಂತೆ ದಿನ.’

ಸರಿಯಾದ ಮಾತು. ಜನ ತಾರೀಕಿಗೆ ಒಗ್ಗುವುದು ಬೇಡ, ಕಂಪ್ಯೂಟರೇ ಸಂತೆಗೆ ಒಗ್ಗಲಿ ಎಂದು ತೀರ್ಮಾನಿಸಿದೆ. ಆ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ.

ಎಂ.ಎಸ್ಸಿ. ಓದುವಾಗ ಸಾಂಕೇತಿಕ ಗಣಿತದ ಒಂದು ತಂತ್ರಾಂಶ ಕಲಿತಿದ್ದೆ. ಅಂಕಿಗಳನ್ನು ಕೂಡಿ ಕಳೆಯುವುದಕ್ಕಿಂತ, ಬರೆದದ್ದರ ಆಕಾರ ನೋಡಿ ಅದನ್ನು ಇನ್ನೊಂದಾಗಿ ಬದಲಿಸುವುದು ಅದರ ಹೆಚ್ಚುಗಾರಿಕೆ. ಅಲ್ಲಿ ನಿಯಮ ಎಂದರೆ ಎಡಗಡೆ ಒಂದು ನಮೂನೆ, ನಡುವೆ ಒಂದು ಬಾಣ, ಬಲಗಡೆ ಆ ನಮೂನೆಗೆ ಹೊಂದಿದ್ದು ಏನಾಗಬೇಕು ಎಂಬ ಅಪ್ಪಣೆ. ನಾನು ಬರೆದ ನಿಯಮವನ್ನು ಮಾತಿನಲ್ಲಿ ಹೇಳುವುದಾದರೆ ಇಷ್ಟೆ. ಎಡಗಡೆ: ‘ಬರೋ ಸಂತೆ’ ಎಂಬ ಮಾತು, ಯಾವುದಾದರೂ ಒಂದು ಊರು, ಚೀಟಿ ಬರೆದ ಯಾವುದಾದರೂ ಒಂದು ದಿನ. ಬಲಗಡೆ: ಆ ದಿನ ಕಳೆದ ಮೇಲೆ ಮೊದಲು ಬರುವ, ಆ ಊರಿನ ಸಂತೆಯ ವಾರ. ‘ಆಚೆ ಸಂತೆ’ಗೆ ಅದರ ಮೇಲೆ ಇನ್ನು ಏಳು ದಿನ. ಊರುಗಳ ಸಂತೆಯ ವಾರಗಳನ್ನು ಬೇರೆ ಕೋಷ್ಟಕದಲ್ಲಿಟ್ಟೆ.

ಈ ತಂತ್ರಾಂಶದಲ್ಲಿ ಬಾಣಗಳು ಎರಡು ಬಗೆ. ಗೀಟು ಎಳೆದು ಮೊನೆ ಹಾಕಿದರೆ, ನಿಯಮ ಬರೆದ ಗಳಿಗೆಯಲ್ಲೇ ಬಲಗಡೆಯದ್ದನ್ನು ಲೆಕ್ಕ ಹಾಕಿ ಉತ್ತರವನ್ನು ಇಟ್ಟುಕೊಂಡುಬಿಡುತ್ತದೆ. ಗೀಟಿನ ಬದಲು ಒಂದರ ಮೇಲೊಂದು ಎರಡು ಚುಕ್ಕಿ ಹಾಕಿದರೆ, ಬಲಗಡೆಯದ್ದನ್ನು ಮುಟ್ಟದೆ ಹಾಗೇ ಇಟ್ಟು, ನಿಯಮ ಬಳಕೆಗೆ ಬಂದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕುತ್ತದೆ. ತರಗತಿಯಲ್ಲಿ ಇದನ್ನು ಹೇಳಿಕೊಡಲು ನನ್ನ ಬಳಿ ಒಂದು ಉದಾಹರಣೆ ಇತ್ತು. ಹಿಂದೆ ದೆವ್ವದ ಕಾಟಕ್ಕೆ ಹೆದರಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ದೆವ್ವ ಓದಿದಾಗಲೆಲ್ಲ ನಾಳೆ ಯಾವುದು ಎಂದು ಹೊಸದಾಗಿ ಲೆಕ್ಕ ಹಾಕುತ್ತದೆ, ಅದಕ್ಕೇ ವಾಪಸ್ಸು ಹೋಗುತ್ತದೆ. ಓದಿದ ಮೊದಲ ದಿನವೇ ‘ನಾಳೆ ಅಂದರೆ ಮಂಗಳವಾರ’ ಎಂದು ಗುರುತು ಹಾಕಿಕೊಂಡಿದ್ದರೆ ಮಂಗಳವಾರ ಬಂದು ಬಾಗಿಲು ತಟ್ಟುತ್ತಿತ್ತು. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸಂತೆಯ ನಿಯಮ ಬರೆಯುವಾಗ ನಾನು ಹಾಕಿದ್ದು ಗೀಟು.

ಆದರೂ ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು, ನನ್ನನ್ನು ಕೆಡಿಸಿದ್ದೂ ಅದೇ. ಬಲಗಡೆಯ ‘ಊರು’ ಎಂಬ ಹೆಸರಿಗೆ ಆಗ ಯಾವ ಬೆಲೆಯೂ ಇರಲಿಲ್ಲ. ಬೆಲೆಯೇ ಇಲ್ಲದ್ದನ್ನು ಲೆಕ್ಕ ಹಾಕಲಾಗದೆ ತಂತ್ರಾಂಶ ಅದನ್ನು ಹಾಗೇ ಬಿಟ್ಟಿತ್ತು. ಚೀಟಿ ಬಂದಾಗ ಚೀಟಿಯ ಊರು ಅಲ್ಲಿ ಹೋಗಿ ಕೂರುತ್ತಿತ್ತು. ನಾಲ್ಕೂ ತಾಲ್ಲೂಕಿನ ಒಂದೊಂದು ಊರು ಕೊಟ್ಟು ನೋಡಿದೆ, ನಾಲ್ಕಕ್ಕೂ ಸರಿಯುತ್ತರ. ಸಂಯೋಜಕರು ಕಾಫಿ ಕೊಡಿಸಿದರು.

ಮೂರನೆಯ ವಾರ, ದಿನಾ ಬೆಳಿಗ್ಗೆ ಪಟ್ಟಿ ತೆಗೆಯುವ ಮುಂಚೆ ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕಡತದ ತಲೆಯಲ್ಲಿ ಒಂದು ಸಾಲು ಸೇರಿಸಿದೆ: ಊರು ಎಂದರೆ ಕಂಪಲಾಪುರ. ಕಂಪಲಾಪುರ ನನ್ನ ತವರು. ಪೆನ್ನು ಬರೆಯುತ್ತದೋ ಇಲ್ಲವೋ ನೋಡಲು ನಾವು ನಮ್ಮ ಹೆಸರನ್ನೇ ಗೀಚುತ್ತೇವಲ್ಲ, ಹಾಗೆ ಬರೆದದ್ದು. ಅದರ ಕೆಳಗೆ ನಿಯಮಗಳು. ಅವತ್ತಿನಿಂದ ಪ್ರತಿ ಬೆಳಿಗ್ಗೆ ತಂತ್ರಾಂಶ ಮೊದಲು ಆ ಸಾಲು ಓದಿತು, ನಂತರ ನಿಯಮ ಓದಿತು, ಬಲಗಡೆಯ ‘ಆ ಊರಿನ ಸಂತೆಯ ವಾರ’ವನ್ನು ಅಲ್ಲೇ ಲೆಕ್ಕ ಹಾಕಿ ಕಂಪಲಾಪುರದ ಸಂತೆಯ ವಾರ ಎಂದು ಗಟ್ಟಿ ಮಾಡಿಕೊಂಡಿತು. ದಿನಕ್ಕೆ ಬೆಲೆ ಕೊಟ್ಟಿರಲಿಲ್ಲವಾದ್ದರಿಂದ ಅದು ಚೀಟಿಗೆ ತಕ್ಕಂತೆ ಬದಲಾಗುತ್ತಲೇ ಇತ್ತು. ಹಾಗಾಗಿ ಪಟ್ಟಿಯಲ್ಲಿ ದಿನಾಂಕಗಳು ಮುಂದೆ ಮುಂದೆ ಹೋಗುತ್ತಿದ್ದವು, ನೋಡಿದವರಿಗೆ ಯಾವ ಅನುಮಾನವೂ ಬರುವಂತಿರಲಿಲ್ಲ. ಕಾಡಂಚಿನ ಊರುಗಳ ಸಂತೆಗೆ ಎರಡು ದಿನ ಮೊದಲೇ, ಕಂಪಲಾಪುರದ ಸಂತೆಯ ವಾರ, ವ್ಯಾನು ಆ ಕಾಡಂಚಿನ ಊರುಗಳಿಗೆ ಹೋಗಿ ನಿಂತು, ಯಾರೂ ಇಲ್ಲದ್ದು ಕಂಡು ಹಿಂದಿರುಗುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ಆ ಕಾರ್ಯಕರ್ತೆ ಸಂಯೋಜಕರಿಗೆ ಫೋನು ಮಾಡಿ, ಹೆಂಗಸರು ಬರುತ್ತಿದ್ದಾರೆ, ವ್ಯಾನೇ ಬರುತ್ತಿಲ್ಲ ಎಂದಳಂತೆ. ಸಂಯೋಜಕರು ಚಾಲಕನನ್ನು ಕೇಳಿದರು. ಅವನು ಪಟ್ಟಿ ತೋರಿಸಿ, ಹೇಳಿದ ದಿನ ಹೋಗಿದ್ದೇನೆ, ಒಂದು ನರಪಿಳ್ಳೆಯೂ ಇರಲಿಲ್ಲ ಎಂದ. ಮಾತು ನನ್ನ ಹತ್ತಿರ ಬಂತು. ನಾನು ಕಡತ ತೆರೆದೆ. ಪರೀಕ್ಷೆಯ ಸಾಲು ಓಡಿಸಿದೆ. ಕಂಪಲಾಪುರ, ಬರೋ ಸಂತೆ, ಉತ್ತರ ಸರಿ. ಇನ್ನೊಂದು ಸಲ ಓಡಿಸಿದೆ. ಸರಿ. ಒಂದೇ ಒಂದು ಸಲ ಬೇರೆ ಊರು ಕೊಟ್ಟು ನೋಡಿದ್ದರೆ ಮುಗಿದುಹೋಗುತ್ತಿತ್ತು. ನೋಡಲಿಲ್ಲ. ನಿಯಮದಲ್ಲಿ ತಪ್ಪಿಲ್ಲ, ಆಕೆ ಹೆಂಗಸರಿಗೆ ಸರಿಯಾಗಿ ಹೇಳುತ್ತಿಲ್ಲ ಎಂದು ಕಾಣುತ್ತದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನೂ ಸೇರಿಸಿದೆ, ಆಕೆಯ ಬಗ್ಗೆ. ಸಂಯೋಜಕರು ನಕ್ಕರು. ಸ್ವಲ್ಪ ದಿನದಲ್ಲೇ ಆಕೆಯನ್ನು ಕೆ.ಆರ್. ನಗರದ ಕಡೆಗೆ ಹಾಕಿದರು.

ಅದಾದ ಮೇಲೆ ನಾನು ಆ ಕಡತವನ್ನು ಮರೆತೆ. ಕಾಲೇಜು, ಪರೀಕ್ಷೆ, ಮೌಲ್ಯಮಾಪನ ಎಂದು ತಿಂಗಳುಗಳು ಹೋದವು. ವರ್ಷದ ವರದಿಗೆಂದು ಸಂಯೋಜಕರು ‘ನಿರಾಕರಿಸಿದ್ದಾರೆ’ ಎಂಬ ಪಟ್ಟಿಯನ್ನು ಕಳಿಸಿ, ಇದನ್ನು ಸ್ವಲ್ಪ ಅಂದವಾಗಿ ಜೋಡಿಸಿಕೊಡಿ ಎಂದರು. ಹತ್ತೊಂಬತ್ತು ಹೆಸರು. ಊರಿನ ಪ್ರಕಾರ ಜೋಡಿಸಿದರೆ ಹತ್ತೊಂಬತ್ತೂ ಕೋಟೆಯ ಕಾಡಂಚು. ‘ಅಲ್ಲಿನ ಜನ ಹಾಗೇ ಮೇಡಂ, ಆಸ್ಪತ್ರೆ ಅಂದ್ರೆ ಹೆದರ್ತಾರೆ’ ಎಂದರು ಸಂಯೋಜಕರು. ಇರಬಹುದು ಎನ್ನಿಸಿತು. ಆದರೆ ಹತ್ತೊಂಬತ್ತು ಜನ, ಒಬ್ಬೊಬ್ಬರೂ ಮೂರು ಮೂರು ಸಲ, ಒಬ್ಬಳೂ ಒಂದು ಸಲವಾದರೂ ಮನಸ್ಸು ಬದಲಿಸಿ ಬರಲಿಲ್ಲವೆಂದರೆ ಹೇಗೆ? ಮನುಷ್ಯರು ಇಷ್ಟು ಕ್ರಮವಾಗಿ ತಪ್ಪು ಮಾಡುವುದಿಲ್ಲ. ಪಟ್ಟಿ ಜೋಡಿಸದೆ ಮೊದಲ ಹೆಸರಿನ ಊರಿಗೆ ಹೊರಟೆ. ಸಂತೆಯ ದಿನ ಅಲ್ಲದ್ದರಿಂದ ಕೋಟೆಯಿಂದ ಆಟೋ ಮಾಡಿಕೊಂಡು ಹೋಗಬೇಕಾಯಿತು.

ಪಟ್ಟಿಯ ಮೊದಲ ಹೆಸರು ಕೂಲಿ ಕೆಲಸದ ಹೆಂಗಸು, ನನ್ನದೇ ವಯಸ್ಸಿನವಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಪಕ್ಕ ಕುಳಿತು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಎಡಗೈಯನ್ನು ಮೈಗೆ ಒತ್ತಿಕೊಂಡು ಬಲಗೈಯಲ್ಲೇ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಮೊದಲು ಕಂಡಿತು. ಯಾಕಮ್ಮ ತೋರಿಸಲು ಬರಲಿಲ್ಲ ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಗದರಿಕೆಯೂ ಇತ್ತು, ಟೀಚರುಗಳಿಗೆ ಅದು ಹೋಗುವುದಿಲ್ಲ.

ಅವಳು ಎಲೆ ಕೆಳಗಿಟ್ಟಳು.

‘ನಾನು ಬಂದಿದ್ದೆ ಕಣ್ರವ್ವ. ನೀವೇ ಇರ್ನಿಲ್ಲ.’

ಮೂರು ಸಂತೆ ಬಂದಿದ್ದಳು. ಚೀಟಿಯಲ್ಲಿ ಹೇಳಿದ ಜಾಗ ಹಾಲಿನ ಡೈರಿಯ ಪಕ್ಕದ ಕೋಣೆ, ಮೂರು ಸಲವೂ ಬೀಗ. ಡೈರಿಯ ಮೆಟ್ಟಿಲ ಮೇಲೆ ಸಂಜೆಯ ಬಸ್ಸಿನವರೆಗೆ ಕುಳಿತಿದ್ದು ಎದ್ದು ಹೋಗಿದ್ದಳು. ಆಮೇಲೆ? ಆಮೇಲೆ ಡಾಕ್ಟರೇ ಬರಲಿಲ್ಲ ಎಂದರೆ ಅಂಥದ್ದೇನೂ ಇರಲಾರದು ಎಂದುಕೊಂಡು ಸುಮ್ಮನಾದಳಂತೆ. ದೊಡ್ಡದಾಗಿದ್ದರೆ ಅವರೇ ಹುಡುಕಿಕೊಂಡು ಬರುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿದಳು. ನಾನು ಹುಡುಕಿಕೊಂಡು ಹೋಗಿದ್ದು ಹತ್ತು ತಿಂಗಳ ಮೇಲೆ.

ಅಲ್ಲಿಂದ ಹೇಗೆ ಬಂದೆನೋ ಸರಿಯಾಗಿ ನೆನಪಿಲ್ಲ. ಕಚೇರಿಯಲ್ಲಿ ಕಡತ ತೆರೆದು, ಅವಳ ಚೀಟಿಯನ್ನು ಇದ್ದದ್ದಿದ್ದ ಹಾಗೆ ಕೊಟ್ಟೆ. ಉತ್ತರ ಎರಡು ದಿನ ಮುಂಚೆಯದು ಬಂತು. ಮೊದಲು ಕೋಷ್ಟಕ ತಪ್ಪಿರಬೇಕು ಎಂದು ಅದನ್ನು ನೋಡಿದೆ, ಅಲ್ಲಿ ವಾರ ಸರಿಯಾಗಿಯೇ ಇತ್ತು. ನಂತರ ನಿಯಮವನ್ನೇ ಪರದೆಯ ಮೇಲೆ ತೋರಿಸು ಎಂದೆ. ಎಡಗಡೆ ಯಾವುದಾದರೂ ಊರು, ಬಲಗಡೆ ಊರಿನ ಹೆಸರೇ ಇಲ್ಲ, ಬರೀ ಒಂದು ವಾರ. ನನ್ನ ತವರಿನ ಸಂತೆಯ ವಾರ. ಗೀಟು ಅಳಿಸಿ ಎರಡು ಚುಕ್ಕಿ ಹಾಕಿದೆ. ತಿದ್ದುವುದಕ್ಕೆ ಎರಡು ಕ್ಷಣವೂ ಬೇಕಾಗಲಿಲ್ಲ. ಆ ಕುರ್ಚಿಯಲ್ಲೇ ಕುಳಿತು ಅತ್ತೆ. ನನಗೆ ನನ್ನ ಮೇಲೆ ಹುಟ್ಟಿದ ಅಸಹ್ಯವನ್ನು ಮುಚ್ಚಿಡುವುದಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಒಂದು ಮಾತು, ಇದು ನಾನು ವರ್ಷಾ ವರ್ಷ ಪಾಠ ಹೇಳುವ ತಪ್ಪು.

ಮಾರನೆಯ ದಿನ ಸಂಯೋಜಕರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಮುಖ ಬಿಳುಪೇರಿತು. ಆಮೇಲೆ, ವರದಿಯಲ್ಲಿ ‘ನಿರಾಕರಿಸಿದ್ದಾರೆ’ ತೆಗೆದು ‘ಸಂಪರ್ಕ ಸಿಗಲಿಲ್ಲ’ ಎಂದು ಹಾಕೋಣ, ಹೊಸ ಚೀಟಿ ಕಳಿಸೋಣ, ತಂತ್ರಾಂಶ ಈಗ ಸರಿಯಾಗಿದೆಯಲ್ಲ ಎಂದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮಾತು. ನಾನು ಆಗುವುದಿಲ್ಲ ಎಂದೆ. ಇನ್ನು ಮೇಲೆ ಆ ಹತ್ತೊಂಬತ್ತು ಹೆಸರನ್ನು ಯಾವ ನಿಯಮದ ಕೈಗೂ ಕೊಡುವುದಿಲ್ಲ, ಕಾಗದದಲ್ಲಿ ಬರೆದುಕೊಂಡು ಒಬ್ಬೊಬ್ಬರ ಮನೆಗೂ ನಾನೇ ಹೋಗುತ್ತೇನೆ, ತಪ್ಪು ನಮ್ಮದು ಎಂದು ಹೇಳುತ್ತೇನೆ ಎಂದೆ. ಸಂಸ್ಥೆಗೆ ಕೆಟ್ಟ ಹೆಸರು ಬರುತ್ತದೆ ಎಂದರು. ಬರಲಿ ಎಂದೆ. ಕೆ.ಆರ್. ನಗರಕ್ಕೆ ಹೋಗಿ ಆ ಕಾರ್ಯಕರ್ತೆಯನ್ನು ಕಂಡು ಕ್ಷಮೆ ಕೇಳಿ, ಜೊತೆಗೆ ಬರುತ್ತೀಯಾ ಎಂದೆ. ಆಕೆ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದಳು, ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಮುಂದೆ ಹೋಗಿ ಕುಳಿತಳು.

ಮೂರು ವಾರ ಓಡಾಡಿದೆವು. ಇಬ್ಬರು ಕೊಡಗಿನ ತೋಟಕ್ಕೆ ಕೆಲಸಕ್ಕೆ ಹೋಗಿದ್ದರು, ಅಲ್ಲಿಗೂ ಹೋದೆವು. ನಾಲ್ಕು ಜನ ತಾವೇ ಬೇರೆ ಕಡೆ ತೋರಿಸಿಕೊಂಡಿದ್ದರು. ಉಳಿದವರನ್ನು ವೈದ್ಯೆ ನೋಡಿದರು. ಆ ನಾಲ್ವರೂ ಸೇರಿ ಹದಿನೆಂಟು ಜನಕ್ಕೆ ಏನೂ ಇರಲಿಲ್ಲ, ಇದ್ದರೂ ಕೊಬ್ಬಿನ ಗಂಟು, ನೀರಿನ ಗಂಟು. ದೇವರು ದೊಡ್ಡವನು ಎಂದರು ಸಂಯೋಜಕರು. ಹತ್ತೊಂಬತ್ತನೆಯವಳು ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸು.

ಮೈಸೂರಿನ ಆಸ್ಪತ್ರೆಗೆ ಅವಳ ಜೊತೆ ನಾನು ಹೋದೆ. ಪರೀಕ್ಷೆಗಳಾದವು. ವರದಿ ಬಂದ ದಿನ ಅಲ್ಲಿನ ಡಾಕ್ಟರು ಹಾಳೆ ತಿರುಗಿಸಿ ನೋಡಿ, ಶ್ವಾಸಕೋಶಕ್ಕೂ ಮೂಳೆಗೂ ಹರಡಿದೆ, ಆಪರೇಷನ್ನಿನ ಹಂತ ದಾಟಿದೆ, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೆ ಎಂದರು. ಸಂಸ್ಥೆಯ ಹಳೆಯ ಕಾಗದ ಫೈಲಿನಲ್ಲಿ ಸೇರಿಕೊಂಡಿತ್ತು. ಅದನ್ನು ನೋಡಿ ಅವರಿಗೆ ಸಿಟ್ಟು ಬಂತು. ‘ಮೂರು ಸಲ ಕರೆದಿದ್ದಾರೆ, ಮೂರು ಸಲವೂ ಬಂದಿಲ್ಲ. ಹತ್ತು ತಿಂಗಳು ಏನಮ್ಮ ಮಾಡ್ತಿದ್ದೆ?’ ಎಂದು ಎಲ್ಲರೆದುರು ಕೇಳಿದರು. ಅವಳ ಹತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿದ್ದಳು. ಮಗಳು ತಾಯಿಯ ಮುಖ ನೋಡಿ, ಮೋರೆ ತಿರುಗಿಸಿಕೊಂಡು ಹೊರಗೆ ಹೋದಳು. ತಾಯಿ ತಲೆ ತಗ್ಗಿಸಿದಳು. ನಾನು ಅಲ್ಲೇ ನಿಂತಿದ್ದೆ. ಮನೆ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡವಳು, ಅವಳೊಬ್ಬಳ ಮುಂದೆ ಮಾತ್ರ ಇನ್ನೂ ಹೇಳಿರಲಿಲ್ಲ. ವರದಿ ಬರಲಿ, ಏನೂ ಇಲ್ಲ ಎಂದಾಗಲಿ, ಆಗ ಹೇಳಿದರೆ ಹಗುರವಾಗಿ ಮುಗಿಯುತ್ತದೆ ಎಂದು ತಳ್ಳುತ್ತಾ ಬಂದಿದ್ದೆ. ಆ ಗಳಿಗೆಯಲ್ಲೂ ಹೇಳಲಿಲ್ಲ. ಅವಳನ್ನು ಹಿಡಿದುಕೊಂಡು ಹೊರಗೆ ಬಂದೆ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಹೇಳಿದೆ. ಬಾಣ, ಚುಕ್ಕಿ ಎಲ್ಲ ಬಿಟ್ಟು, ನಿಮ್ಮ ಸಂತೆ ಯಾವತ್ತು ಎಂದು ಬರೆಯುವ ಕಡೆ ನಾನು ನನ್ನೂರಿನ ಸಂತೆ ಬರೆದುಬಿಟ್ಟೆ, ಅದಕ್ಕೇ ಡಾಕ್ಟರು ಬೇರೆ ದಿನ ಬಂದು ಹೋದರು, ನೀನು ಬಂದಾಗ ಇರಲಿಲ್ಲ, ತಪ್ಪು ನನ್ನದು ಎಂದೆ. ಅವಳು ನನ್ನನ್ನು ಶಪಿಸಲಿ ಎಂದು ಕಾಯುತ್ತಿದ್ದೆ. ಶಪಿಸಿದ್ದರೆ ನನಗೇ ಸುಲಭವಾಗುತ್ತಿತ್ತು.

‘ಅಂಗಾರೆ ಒಂದ್ ಕಾಗ್ದ ಬರ್ಕೊಡಿ’ ಎಂದಳು. ‘ನಾನು ತಪ್ಪಿಸ್ಕಂಡೋಳಲ್ಲ ಅಂತ. ನನ್ ಮಗ್ಳಿಗೆ. ನಮ್ಮವ್ವ ಆಸ್ಪತ್ರೆಗೆ ಓಗ್ದೆ ಸತ್ತ್ಳು ಅಂತ ಅವ್ಳು ಅನ್ಕೊಂಡಿರ್ಬಾರ್ದು.’

ಚೀಲದಲ್ಲಿದ್ದ ನೋಟುಪುಸ್ತಕದಿಂದ ಹಾಳೆ ಹರಿದು ಬರೆಯತೊಡಗಿದೆ. ನಿನ್ನ ತಾಯಿ ತೋರಿಸಿಕೊಳ್ಳಲು ಬಂದಿದ್ದಳು, ನಾವು ಇರಲಿಲ್ಲ, ತಪ್ಪು ಅವಳದಲ್ಲ, ನನ್ನದು. ಕೆಳಗೆ ಸಹಿ ಮಾಡಿ, ಅಭ್ಯಾಸದಂತೆ ಅವತ್ತಿನ ದಿನಾಂಕ ಹಾಕಿ ಓದಿ ಹೇಳಿದೆ. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು.

‘ಇವತ್ತಿಂದು ಬ್ಯಾಡ. ನಾನು ಬಂದಿದ್ ದಿನ ಆಕಿ.’

ಅವಳು ಬಂದ ದಿನಗಳು ಎಲ್ಲೂ ದಾಖಲಾಗಿರಲಿಲ್ಲ. ನಮ್ಮಲ್ಲಿ ಇದ್ದದ್ದು ಅವಳು ಬಾರದ ದಿನಗಳು ಮಾತ್ರ. ಫೈಲು ತೆಗೆದು, ಮೊದಲ ಚೀಟಿ ಯಾವತ್ತು ಬರೆದದ್ದು ಎಂದು ನೋಡಿದೆ. ಗೋಡೆಯ ಮೇಲೆ ಹಳೆಯ ವರ್ಷದ ಕ್ಯಾಲೆಂಡರನ್ನು ಹೊಸದರ ಕೆಳಗೆ ಹಾಗೇ ಬಿಟ್ಟಿದ್ದರು. ಅದನ್ನು ಎತ್ತಿ ಹಿಡಿದು, ಅವಳ ಸಂತೆಯ ವಾರ ಯಾವುದು ಎಂದು ಅವಳನ್ನೇ ಕೇಳಿ, ಬೆರಳಿಟ್ಟು ಎಣಿಸಿದೆ. ಒಂದು ಸಂತೆ, ಎರಡು ಸಂತೆ, ಮೂರು ಸಂತೆ. ಒಂದೊಂದನ್ನೂ ಬರೆದು, ಯಾವ ತಿಂಗಳು, ಎಷ್ಟನೇ ತಾರೀಕು ಎಂದು ಓದಿ ಹೇಳುತ್ತಾ ಹೋದೆ. ಅವಳು ಪ್ರತಿಯೊಂದಕ್ಕೂ ಹೂಂ ಎಂದಳು.

ಮೂರನೆಯದನ್ನು ಬರೆದಾಗ, ‘ಅವತ್ತು ಮಳೆ ಬಂದಿತ್ತು ಕಣ್ರವ್ವ, ನೆಂದ್ಕಂಡೇ ಕೂತಿದ್ದೆ’ ಎಂದಳು. ಅದನ್ನೂ ಬರೆದೆ.